ಎರಡ ಹನಿ ಸಾಕ್ರೀ!

ಬೆಳಗಾವಿಯ ಮಳೆ ಜೂನ್‌ನಲ್ಲಿ ಒಮ್ಮೆ ಹಿಡಿಯಿತೆಂದರೆ ಗಣಪ ಬಂದು ಹೋಗುವತನಕ ಬಿಡುವ ಪೈಕಿ ಅಲ್ಲ. ಹಗ್ಗದ ಮೇಲಿನ ಅರಿವಿ ಒಣಗುವುದಿಲ್ಲ, ಕದ ಉಬ್ಬಿ ಚೌಕಟ್ಟಿನೊಳಗೆ ಕೂಡುವುದಿಲ್ಲ, ಇನ್ನು ಲ್ಯಾಬ್ರಡಾರ್ ನಾಯಿಯ ಜೋತ ಕಿವಿಯೊಳಗೆ ಒಣಗುವ ಮಾತೆಲ್ಲಿ? ಟಿಳಕವಾಡಿಯ ಮನೆಗಳಲ್ಲಿ ರಾತ್ರಿ ಎರಡರ ಹೊತ್ತಿಗೆ, ಒದ್ದೆ ಚಪ್ಪಲಿ ನೆಲಕ್ಕೆ ಬಡಿದಂತೆ ‘ಫಟ ಫಟ ಫಟ’ ಅಂತ ಸಪ್ಪಳ ಬಂದರೆ ಕಳ್ಳ ಬಂದನೆಂದು ಯಾರೂ ಎದ್ದು ಕೂಡುವುದಿಲ್ಲ. ನಾಯಿ ಕಿವಿ ಕೊಡವುತ್ತಿದೆ, ಅಷ್ಟೇ. ಮಗ್ಗಲು ಬದಲಿಸಿ ಮಲಗುತ್ತಾರೆ. ಕಿವಿಯ ಸೋಂಕಿನ ಕಥೆ ಕೆಡುವುದು ಅಲ್ಲಿಂದಲೇ.

ಬೆಳಗಾಗುವಷ್ಟರಲ್ಲಿ ಮನೆತುಂಬ ಡಾಕ್ಟರು. “ಕೊಬ್ರಿ ಎಣ್ಯಾಗ ನಾಲ್ಕ ಎಸಳ ಬಳ್ಳೊಳ್ಳಿ ಹಾಕಿ ಕಾಸಿ ಬಿಡ್ರಿ, ನಮ್ಮ ಕಾಲದಾಗ ಹಂಗ ಮಾಡ್ತಿದ್ವಿ” ಎನ್ನುತ್ತಾಳೆ ಅಜ್ಜಿ. ಹೈಡ್ರೋಜನ್ ಪೆರಾಕ್ಸೈಡ್ ಪಕ್ಷದ ಕಾಕಾ, “ಬುಸ್ ಅಂತ ನೊರಿ ಎದ್ದು ಹೊಲಸೆಲ್ಲಾ ಹೊರಗ ಬರತೈತಿ” ಅನ್ನುತ್ತಾರೆ. ಮಗಳ ಕೈಯಲ್ಲಿ ಇಯರ್ ಬಡ್. ಮಗನಿಗೆ ಹೋದ ವರ್ಷದ ಅರ್ಧ ಬಾಟಲಿ ಔಷಧ ಫ್ರಿಜ್ಜಿನ ಬಾಗಿಲಲ್ಲಿ, ಟೊಮೆಟೊ ಸಾಸಿನ ಹಿಂದೆ ಇರುವುದು ನೆನಪಾಗುತ್ತದೆ. ನಾಲ್ಕೂ ತಪ್ಪು. ಒದ್ದೆ ಕಿವಿಯಲ್ಲಿ ಬೆಳೆಯುವ ಯೀಸ್ಟ್ ಎಂಬ ಶಿಲೀಂಧ್ರಕ್ಕೆ ಜಿಡ್ಡೆಂದರೆ ಪ್ರಾಣ, ಎಣ್ಣೆ ಹಾಕಿದರೆ ಅದಕ್ಕೆ ಹಬ್ಬದೂಟ. ಜೊತೆಗೆ ಬೆಳ್ಳುಳ್ಳಿಯ ಖಾರ ಕೆಂಪಾದ ಚರ್ಮವನ್ನು ಇನ್ನಷ್ಟು ಸುಡುತ್ತದೆ. ಪೆರಾಕ್ಸೈಡ್ ನೊರೆ ನೋಡಲಿಕ್ಕೆ ಚಂದ, ಆದರೆ ಹುಣ್ಣಾದ ಚರ್ಮವನ್ನು ಕೆರಳಿಸಿ, ಒಳಗೆ ನೀರು ಬಿಟ್ಟು ಹೋಗುತ್ತದೆ. ಹಳೆ ಬಾಟಲಿಯದು ಇನ್ನೂ ದೊಡ್ಡ ಅಪಾಯ: ಈ ಸಲ ಕಿವಿತಮಟೆ ಹರಿದಿದ್ದರೆ, ಜೆಂಟಾಮೈಸಿನ್‌ನಂಥ ಔಷಧ ಒಳಗಿವಿಗೆ ಇಳಿದು ಇದ್ದ ಕಿವಿಯೂ ಹೋಗಬಹುದು.

ಇಯರ್ ಬಡ್ ಏಕೆ ತಪ್ಪು ಎಂಬುದಕ್ಕೆ ನಲ್ಲಿ ರಿಪೇರಿಯವರನ್ನು ಕೇಳಬೇಕು. ಮನುಷ್ಯನ ಕಿವಿಯ ಕೊಳವೆ ಹೆಚ್ಚುಕಡಿಮೆ ನೇರ, ಉದ್ದ ಎರಡೂವರೆ ಸೆಂಟಿಮೀಟರ್. ನಾಯಿಯದು ಹಾಗಲ್ಲ. ಮೇಲಿನಿಂದ ಸೀದಾ ಕೆಳಗಿಳಿದು, ದವಡೆಯ ಹತ್ತಿರ ಎಲ್ಬೋ ಪೈಪಿನಂತೆ ಒಳಕ್ಕೆ ತಿರುಗಿ, ಆಮೇಲೆ ತಮಟೆ ಮುಟ್ಟುತ್ತದೆ. ಒಟ್ಟು ಉದ್ದ 5ರಿಂದ 10 ಸೆಂಟಿಮೀಟರ್, ನಾಯಿ ದೊಡ್ಡದಾದಷ್ಟೂ ಹೆಚ್ಚು. ಬಡ್ ತೂರಿಸಿದರೆ ಗುಗ್ಗೆ ಹೊರಗೆ ಬರುವುದಿಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ತೋಪಿಗೆ ಮದ್ದು ಜಡಿದಂತೆ ಆ ತಿರುವಿನಲ್ಲಿ ಹೋಗಿ ಗಟ್ಟಿಯಾಗಿ ಕೂಡುತ್ತದೆ. ಬಡ್ ತುದಿಯ ಹತ್ತಿ ಬೆಳ್ಳಗೆ ಬಂತೆಂದು ಮನೆಯವರು ಖುಷಿಪಡುವುದು ಬೇರೆ.

ಇಷ್ಟಕ್ಕೂ ಕಿವಿಯ ಸೂಕ್ಷ್ಮದ ವಿಷಯ ವಿಜಯಪುರದವರಿಗೆ ಹೇಳಿಕೊಡಬೇಕಾಗಿಲ್ಲ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಈ ಗೋಡೆಗೆ ಪಿಸುಗುಟ್ಟಿದ್ದು ಆ ಗೋಡೆಯಲ್ಲಿ ಕೇಳಿಸುತ್ತದೆ. ನಾಯಿಯದೂ ಅದೇ ಲೆಕ್ಕ: ಅಡುಗೆಮನೆಯಲ್ಲಿ ಔಷಧದ ಬಾಟಲಿಯ ಮುಚ್ಚಳ ತಿರುವಿದ್ದು ಅಂಗಳದಲ್ಲಿ ಕೇಳಿಸಿ, ಮೂವತ್ತೈದು ಕಿಲೋ ಪ್ರಾಣಿ ಒಂದು ಗೇಣಿನ ಮಂಚದ ಕೆಳಗೆ ಮಾಯವಾಗುತ್ತದೆ. ಬಾಟಲಿಯನ್ನು ಹಿಂದಿನ ರಾತ್ರಿಯೇ ತೆರೆದಿಡುವ ಜಾಣರಿದ್ದಾರೆ. ಬೇಡ. ಔಷಧ ಕೆಡುತ್ತದೆ. ಐದು ನಿಮಿಷ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳಿ. ತಣ್ಣನೆಯ ಹನಿ ಕಿವಿಗೆ ಬಿದ್ದರೆ ಹಾರಿ ಬೀಳುವ ನಾಯಿ, ಮೈಬಿಸಿಗೆ ಬಂದ ಹನಿಯನ್ನು ಸ್ವಲ್ಪವಾದರೂ ಸಹಿಸುತ್ತದೆ.

ಕಿವಿಗೆ ಮೂಗು ಕೊಟ್ಟು ನೋಡುವುದು ಅಸಹ್ಯದ ಕೆಲಸ, ಆದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಹುಳಿ ಬಂದ ಹಿಟ್ಟಿನ ವಾಸನೆ, ಕಂದು ಬಣ್ಣದ ಜಿಡ್ಡು ಗುಗ್ಗೆ (ಬಣ್ಣ ಥೇಟ್ ಬೆಳಗಾವಿಯ ಸಿಹಿ ಕುಂದಾದ್ದು, ಕ್ಷಮಿಸಬೇಕು) ಇದ್ದರೆ ಬಹುತೇಕ ಯೀಸ್ಟ್. ಹಸಿರು ಲೋಳೆ, ಕೊಳೆತ ನಾತ ಇದ್ದರೆ ಸ್ಯೂಡೊಮೊನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯಾದ ಅನುಮಾನ. ಒಣ ಚಹಾಪುಡಿ ಉದುರಿದಂತಿದ್ದರೆ, ಅದೂ ಮರಿನಾಯಿಯಾಗಿದ್ದರೆ, ಕಿವಿ ನುಸಿ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೂ ಔಷಧ ಆಗಬೇಕು. ನಿನ್ನೆ ಸರಿಯಿದ್ದ ನಾಯಿ ಹೊಲದಲ್ಲಿ ಓಡಾಡಿ ಬಂದು ಇವತ್ತು ಒಂದೇ ಕಿವಿ ಕೆಳಗೆ ಮಾಡಿ ಕೂಗುತ್ತಿದ್ದರೆ ಹುಲ್ಲಿನ ಮುಳ್ಳುಬೀಜ ಹೊಕ್ಕಿದೆ. ಅದರ ಕೊಕ್ಕೆಗಳು ಮುಂದಕ್ಕೆ ಮಾತ್ರ ಜರುಗಲು ಬಿಡುತ್ತವೆ, ಹಿಂದಕ್ಕೆ ಬರಗೊಡುವುದಿಲ್ಲ. ಮಂಪರು ಬರುವ ಔಷಧ ಕೊಟ್ಟು, ಕಿವಿಯೊಳಗೆ ಇಣುಕುವ ಓಟೋಸ್ಕೋಪಿನಲ್ಲಿ ನೋಡುತ್ತ ಉದ್ದನೆಯ ಚಿಮಟದಿಂದ ಎಳೆಯಬೇಕು. ಈ ಕೆಲಸಕ್ಕೆ ಮನೆಯ ಹುಬ್ಬಿನ ಚಿಮಟ ಹುಡುಕಬೇಡಿ.

ಮೂಗು ಹೇಳಿದ್ದನ್ನು ಖಾತ್ರಿ ಮಾಡುವುದು ಗಾಜಿನ ಪಟ್ಟಿ. ಡಾಕ್ಟರು ಗುಗ್ಗೆಯನ್ನು ಅದರ ಮೇಲೆ ಉರುಳಿಸಿ, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಯೀಸ್ಟ್ ಇದ್ದರೆ ಸುಲಿಯದ ಶೇಂಗಾದ ಆಕಾರದಲ್ಲಿ ಕಾಣುತ್ತದೆ. ಹತ್ತು ನಿಮಿಷದ ಕೆಲಸ. “ಅದೆಲ್ಲಾ ಬ್ಯಾಡ್ರೀ ಸರ, ಹನಿ ಬರದ ಕೊಡ್ರಿ ಸಾಕ” ಎಂದು ಅವಸರ ಮಾಡುವವರೇ ಮೂರು ತಿಂಗಳಿಗೆ ಮತ್ತೆ ಅದೇ ಬಾಗಿಲಲ್ಲಿ ನಿಂತಿರುತ್ತಾರೆ.

ಹನಿ ಹಾಕುವ ಪದ್ಧತಿಯಲ್ಲೇ ಮುಕ್ಕಾಲು ಪಾಲು ಸಂಸಾರಗಳು ಸೋಲುವುದು. ಒಬ್ಬರು ಬಾಯಿ ಹಿಡಿದು, ಇನ್ನೊಬ್ಬರು ಬಾಲ ಹಿಡಿದು (ಬಾಲ ಏಕೆ ಹಿಡಿಯುತ್ತಾರೋ ಇವತ್ತಿಗೂ ತಿಳಿದಿಲ್ಲ), ಮೂರನೆಯವರು ಕಣ್ಣುಮುಚ್ಚಿ ಎರಡು ಹನಿ ಹಾಕಿ “ಆತ್ರೀ!” ಎಂದು ಎದ್ದುಬಿಡುತ್ತಾರೆ. ಆ ಎರಡು ಹನಿಯಲ್ಲಿ ಒಂದು ಕೂದಲಿಗೆ, ಒಂದು ಹಾಸಿಗೆಗೆ. ಸರಿಯಾದ ಕ್ರಮ ಬೇರೆ. ಮೊದಲು ಡಾಕ್ಟರು ಹೇಳಿದ ಕ್ಲೀನರ್. ಕಿವಿಯ ಎಲೆಯನ್ನು ಮೇಲಕ್ಕೆತ್ತಿ ಹಿಡಿದು, ದ್ರವ ಕೊಳವೆಯ ಬಾಯಿತನಕ ತುಂಬಬೇಕು. ಬುಡವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಅರ್ಧ ನಿಮಿಷ ಮೆಲ್ಲಗೆ ನಾದಿದರೆ ಕೆಸರಲ್ಲಿ ಚಪ್ಪಲಿ ಸಿಕ್ಕಿದಂಥ ಪಚಪಚ ಸಪ್ಪಳ ಬರುತ್ತದೆ. ಬಂದರೆ ದ್ರವ ತಿರುವು ದಾಟಿತೆಂದು ಅರ್ಥ. ಈಗ ಕೈ ಬಿಟ್ಟು ಮೂರು ಹೆಜ್ಜೆ ಹಿಂದೆ ಸರಿಯಿರಿ. ನಾಯಿ ಕೊಡವುತ್ತದೆ, ಎಲ್ಬೋದ ಹೊಲಸನ್ನು ತಾನೇ ಮೇಲಕ್ಕೆ ತರುತ್ತದೆ. ದೀಪಾವಳಿಗೆ ಬಣ್ಣ ಬಳಿದ ಗೋಡೆಯ ಮುಂದೆ ಈ ಕಾರ್ಯಕ್ರಮ ಇಟ್ಟುಕೊಳ್ಳುವವರಿಗೆ ಏನು ಹೇಳುವುದು! ಹೊರಗೆ ಬಂದದ್ದನ್ನು ಬೆರಳಿಗೆ ಸುತ್ತಿದ ಹತ್ತಿಯಿಂದ, ಬೆರಳು ಹೋಗುವಷ್ಟೇ ಒರೆಸಬೇಕು. ಹತ್ತು ನಿಮಿಷ ಒಣಗಲು ಬಿಟ್ಟು ಆಮೇಲೆ ಔಷಧ. ಎಷ್ಟು ಎಂಬುದು ಚೀಟಿಯಲ್ಲಿರುತ್ತದೆ. ದೊಡ್ಡ ನಾಯಿಗೆ ಹಲವು ಔಷಧಗಳಲ್ಲಿ ಅದು ಒಂದು ಕಿವಿಗೆ 1 ಮಿಲಿಯವರೆಗೂ ಇರುತ್ತದೆ. 1 ಮಿಲಿ ಎಂದರೆ ಸುಮಾರು 20 ಹನಿ, ಎರಡಲ್ಲ. ಎಣಿಸುವ ತಾಳ್ಮೆ ಇಲ್ಲದವರು ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಬಹುದು.

ಇನ್ನು ದಿನಗಳ ಲೆಕ್ಕ. ನಾಲ್ಕನೇ ದಿನಕ್ಕೆ ನಾತ ಹೋಗುತ್ತದೆ, ಐದನೇ ದಿನಕ್ಕೆ ಔಷಧ ಫ್ರಿಜ್ಜಿಗೆ ಹೋಗುತ್ತದೆ. ಅದರಲ್ಲಿದ್ದ ಸ್ಟೀರಾಯ್ಡ್ ಉರಿ ಇಳಿಸಿದೆ, ರೋಗಾಣು ಇನ್ನೂ ತಿರುವಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ನಿಲ್ಲಿಸುವುದನ್ನು ಮೂಗು ಹೇಳಬಾರದು, ಗಾಜಿನ ಪಟ್ಟಿ ಹೇಳಬೇಕು. ಹಾಗೆಂದು ಆರೋಗ್ಯವಾದ ಕಿವಿಯನ್ನು ವಾರಕ್ಕೆರಡು ಸಲ ತಿಕ್ಕುವ ಅತಿ ಶುಚಿಯವರೂ ಇದ್ದಾರೆ. ತೆಳು ಗುಲಾಬಿ ಚರ್ಮ, ಚೂರು ಹಳದಿ ಗುಗ್ಗೆ, ವಾಸನೆ ಇಲ್ಲ ಎಂದರೆ ಅದರ ಪಾಡಿಗೆ ಬಿಡಿ.

ಎಲ್ಲ ಸರಿಯಾಗಿ ಮಾಡಿದರೂ ಪದೇ ಪದೇ ಬರುತ್ತಿದ್ದರೆ ತಪ್ಪು ಕಿವಿಯದಲ್ಲ, ಚರ್ಮದ್ದು. ಎರಡೂ ಕಿವಿ ಕೆಂಪು, ಜೊತೆಗೆ ಪಾದ ನೆಕ್ಕುವುದು, ಹೊಟ್ಟೆ ಕೆರೆಯುವುದು ಇದ್ದರೆ ಅಲರ್ಜಿ. ಯೀಸ್ಟು, ಬ್ಯಾಕ್ಟೀರಿಯಾ ಆಮೇಲೆ ಬಂದ ಬೀಗರು. ಆಹಾರದ ಅಲರ್ಜಿಯೋ ಎಂದು ತಿಳಿಯಲು ಆ ನಾಯಿ ಹುಟ್ಟಿದಾಗಿನಿಂದ ತಿನ್ನದ ಒಂದು ಮಾಂಸ, ಒಂದು ಗೆಡ್ಡೆ ಆರಿಸಿ, ಡಾಕ್ಟರ ಲೆಕ್ಕದ ಪ್ರಕಾರ 8 ವಾರ ಅದನ್ನಷ್ಟೇ ಹಾಕಬೇಕು. ಅಷ್ಟೇ. ಕೇಳಲಿಕ್ಕೆ ಎಷ್ಟು ಸರಳ! ಏಳನೇ ವಾರದ ಸಂಜೆ ಅಜ್ಜಿಯ ಚಹಾದ ಹೊತ್ತು, ನಾಯಿಯ ಆ ನೋಟ, “ಒಂದ ಗ್ಲೂಕೋಸ್ ಬಿಸ್ಕೀಟಿಗೆ ಏನ ಆಕ್ಕೈತಿ ಬಿಡೋ, ಪಾಪ.” ಗೋಧಿಯೂ ಬಂತು, ಹಾಲೂ ಬಂತು. ಇವೆರಡೂ, ಕೋಳಿಯೂ, ನಾಯಿಗಳ ಆಹಾರ ಅಲರ್ಜಿಯಲ್ಲಿ ಮುಂದಿನ ಸಾಲಿನಲ್ಲಿ ಕೂಡುವಂಥವು. ಲೆಕ್ಕ ಮತ್ತೆ ಒಂದನೇ ವಾರದಿಂದ.

ಮುಧೋಳ ನಾಯಿಯವರು ಇಲ್ಲಿ ಮೀಸೆ ತಿರುವುತ್ತಾರೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿ, ಬಾಗಲಕೋಟೆ ಜಿಲ್ಲೆಯ ಒಣ ಹವೆ, ಕೂದಲಿಲ್ಲದ ತೆಳು ಕಿವಿ, ಯೀಸ್ಟಿನ ಕಾಟ ನಮಗಿಲ್ಲ ಅಂತ. ಇರಬಹುದು. ಆದರೆ ಆ ತೆಳು ಕಿವಿಯ ಮಡಿಕೆಯೊಳಗೆ ಉಣ್ಣಿ ಸಾಲಾಗಿ ಕೂಡುತ್ತವೆ, ತುದಿ ಹರಿದರೆ ಒಂದು ಕೊಡವಿಗೆ ಗೋಡೆಯೆಲ್ಲ ರಂಗಪಂಚಮಿ. ಇನ್ನೊಂದು ಮಾತು: ಯಾವ ಆಪರೇಷನ್ನಿಗೆ ಒಯ್ದರೂ ಇದು ಮುಧೋಳ ಎಂದು ಮೊದಲೇ ಹೇಳಿ, ತಕ್ಕಡಿಯಲ್ಲಿ ತೂಗಿಸಿ. ಮೈಯಲ್ಲಿ ಕೊಬ್ಬಿಲ್ಲದ ಇಂಥ ಓಟದ ನಾಯಿಗಳು ಥಯೋಪೆಂಟೋನ್‌ನಂಥ ಅರಿವಳಿಕೆಯಿಂದ ಏಳುವುದು ಬಹಳ ತಡ. ಡಾಕ್ಟರು ಬೇರೆ ಔಷಧ ಆರಿಸುತ್ತಾರೆ. ಕಿವಿ ಕತ್ತರಿಸಿ ನಿಲ್ಲಿಸಿದರೆ ಸೋಂಕು ಬರುವುದಿಲ್ಲ ಎನ್ನುವವರಿಗೆ: ರೋಗ ಇರುವುದು ಕೊಳವೆಯಲ್ಲಿ, ಕತ್ತರಿಸಿದ್ದು ಎಲೆಯನ್ನು.

ಕೊಡವಿ ಕೊಡವಿ ಒಂದು ದಿನ ಕಿವಿಯ ಎಲೆಯೊಳಗೆ ರಕ್ತನಾಳ ಒಡೆಯುತ್ತದೆ. ಬೆಳಗ್ಗೆ ನೋಡಿದರೆ ಹಂಚಿನ ಮೇಲೆ ಉಬ್ಬಿದ ರೊಟ್ಟಿಯಂತೆ ಕಿವಿ ಬಿಸಿಯಾಗಿ ಉಬ್ಬಿರುತ್ತದೆ. ಸೂಜಿ ಚುಚ್ಚಿ ರಕ್ತ ತೆಗೆದರೆ ಬಹಳ ಸಲ ಎರಡು ದಿನಕ್ಕೆ ಮತ್ತೆ ತುಂಬುತ್ತದೆ, ಯಾಕೆಂದರೆ ಒಳಗಿನ ಪೊಳ್ಳು ಹಾಗೇ ಇದೆ. ಆಪರೇಷನ್ನಿನಲ್ಲಿ ಒಳಮೈಯನ್ನು ಕೊಯ್ದು, ಗಡ್ಡೆಗಟ್ಟಿದ ರಕ್ತ ತೆಗೆದು, ಎರಡು ಪದರಗಳನ್ನು ಕೌದಿ ಹೊಲಿದಂತೆ ಉದ್ದುದ್ದ ಹೊಲಿಗೆ ಹಾಕುತ್ತಾರೆ. ರಕ್ತನಾಳಗಳು ಉದ್ದಕ್ಕೆ ಇರುವುದರಿಂದ ಅಡ್ಡ ಹೊಲಿಗೆ ನಿಷಿದ್ಧ. ಎರಡು ಮೂರು ವಾರ ಬಿಡುತ್ತಾರೆ. ಏನೂ ಮಾಡದೆ ಬಿಟ್ಟರೆ ಕಿವಿ ಒಣ ಬದನೆಯಂತೆ ಮುರುಟಿಕೊಳ್ಳುತ್ತದೆ. ಕೌದಿ ಎಷ್ಟು ಚಂದ ಹೊಲಿದರೂ, ಕೊಡವುವುದಕ್ಕೆ ಕಾರಣವಾದ ಒಳಗಿನ ಸೋಂಕು ಬಿಟ್ಟರೆ ಮುಂದಿನ ತಿಂಗಳು ಎಡಗಿವಿಯ ಸರದಿ.

ವರ್ಷಗಟ್ಟಲೆ ಎರಡೆರಡು ಹನಿಯಲ್ಲಿ ದಿನ ದೂಡಿದ ಕಿವಿಯ ಬುಡವನ್ನು ಮುಟ್ಟಿ ನೋಡಿ. ಸೈಕಲ್ ಟ್ಯೂಬಿನಂತೆ ಬಾಗಬೇಕಾದದ್ದು ಬೆಟ್ಟಡಿಕೆಯಂತೆ ಗಟ್ಟಿಯಾಗಿದ್ದರೆ, ಒಳಗಿನ ಚರ್ಮ ದಪ್ಪಗಾಗಿ, ಮೃದ್ವಸ್ಥಿಗೆ ಸುಣ್ಣ ಕೂತು ಕೊಳವೆ ಮುಚ್ಚಿದೆ. ಇನ್ನು ಯಾವ ಹನಿಯೂ ಇಳಿಯುವುದಿಲ್ಲ. ತಲೆ ಒಂದು ಕಡೆ ವಾಲಿ, ಕಣ್ಣುಗುಡ್ಡೆ ಅತ್ತಿತ್ತ ಜಗ್ಗುತ್ತ, ನಾಯಿ ಗಾಣದೆತ್ತಿನಂತೆ ಸುತ್ತತೊಡಗಿದರೆ ರೋಗ ತಮಟೆ ದಾಟಿ ಒಳಗೆ ಹೋಗಿದೆ. ಕೊಳವೆಯ ಹೊರಗೋಡೆ ತೆಗೆದು ಗಾಳಿಯಾಡಿಸುವ ಸಣ್ಣ ಆಪರೇಷನ್ ಒಂದಿದೆ, ಅಡ್ಡ ಕೊಳವೆ ಇನ್ನೂ ಸರಿಯಿದ್ದರೆ ಮಾತ್ರ ಉಪಯೋಗ. ಹೆಚ್ಚು ಖರ್ಚು ಬೇಡವೆಂದು ಬೆಟ್ಟಡಿಕೆಯಾದ ಕಿವಿಗೆ ಇದನ್ನು ಮಾಡಿಸಿದವರು ಎರಡು ಸಲ ದುಡ್ಡು ಕೊಡುತ್ತಾರೆ. ಅದರಲ್ಲೂ ಕಾಕರ್ ಸ್ಪ್ಯಾನಿಯಲ್ ಕಿವಿಗೆ ಇದು ಒಗ್ಗುವುದೇ ಕಡಿಮೆ.

ದೊಡ್ಡ ಆಪರೇಷನ್ನಿನ ಹೆಸರು ಟೀಕಾ. ಲಸಿಕೆಯ ಟೀಕಾ ಎಂದು ತಿಳಿದು “ಆತ ಸರ, ಹಾಕಿಬಿಡ್ರಿ” ಎಂದು ಒಪ್ಪಿಬಿಟ್ಟೀರಿ, ಇದು ಇಡೀ ಕೊಳವೆಯನ್ನೇ ಬುಡಸಮೇತ ತೆಗೆಯುವುದು. ಮೊದಲು ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್. ಆಮೇಲೆ ಮೃದ್ವಸ್ಥಿಯ ಪಕ್ಕಕ್ಕೇ ಅಂಟಿಕೊಂಡು ತಲೆಬುರುಡೆಯತನಕ ಬಿಡಿಸಿಕೊಂಡು ಹೋಗಿ, ಕೊಳವೆಯನ್ನು ಕತ್ತರಿಸಿ, ತಮಟೆಯ ಹಿಂದಿನ ಬುಲ್ಲಾ ಎಂಬ ಮೂಳೆಯ ಡಬ್ಬಿಯ ಗೋಡೆ ಒಡೆದು ಒಳಗಿನ ಪೊರೆಯನ್ನು ಕೆರೆದು ತೆಗೆಯುತ್ತಾರೆ. ಪೊರೆಯ ಚೂರು ಉಳಿದರೂ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಕೀವು ಗಂಟಾಗಿ ಕಿವಿಯ ಕೆಳಗೆ ಒಡೆಯುತ್ತದೆ. ಇನ್ನೊಂದು ಕಷ್ಟ ಮುಖದ ನರದ್ದು. ಅದು ಕೊಳವೆಯ ಬುಡವನ್ನು ಬಳಸಿಕೊಂಡೇ ಹೋಗುತ್ತದೆ, ಹಳೆ ರೋಗದಲ್ಲಿ ಕೊಳವೆಗೆ ಅಂಟಿಯೂ ಇರುತ್ತದೆ. ಎಳೆತ ಬಿದ್ದರೆ ಆ ಬದಿಯ ಕಣ್ಣು ರೆಪ್ಪೆ ಹೊಡೆಯುವುದಿಲ್ಲ, ತುಟಿ ಜೋಲುತ್ತದೆ. ಹೆಚ್ಚಿನವರಲ್ಲಿ ವಾರಗಳಲ್ಲಿ ಸರಿಹೋಗುತ್ತದೆ, ಅಲ್ಲಿಯತನಕ ಕಣ್ಣಿಗೆ ತೇವದ ಹನಿ ಹಾಕುತ್ತಿರಬೇಕು. ಮತ್ತೆ ಹನಿ! ಈ ಸಲ ಯಾರೂ ಲೆಕ್ಕ ತಪ್ಪಿಸುವುದಿಲ್ಲ, ಅದೊಂದು ಸಮಾಧಾನ.

ಮನೆಗೆ ಬಂದ ಮೇಲೆ ಎರಡು ವಾರ, ಹೊಲಿಗೆ ಬಿಚ್ಚುವತನಕ, ಕೊರಳಿಗೆ ಪ್ಲಾಸ್ಟಿಕ್ ಕೋನ್. ಅದನ್ನು ಹಾಕಿಕೊಂಡ ನಾಯಿ ತುಳಸಿಕಟ್ಟೆಯ ದೀಪ, ಹಾಲಿನ ಕ್ಯಾನು, ಅಜ್ಜಿಯ ಮೊಣಕಾಲು ಯಾವುದನ್ನೂ ಬಿಡುವುದಿಲ್ಲ. ಪಾಪ ಎಂದು ಬಿಚ್ಚಿದರೆ ಹಿಂಗಾಲಿನ ಉಗುರಿಗೆ ಹೊಲಿಗೆ ಬಿಚ್ಚಲು ಅರ್ಧ ನಿಮಿಷ ಸಾಕು. ಕೊರಳ ಬೆಲ್ಟ್ ಬೇಡ, ಎದೆಗೆ ಹಾಕುವ ಹಾರ್ನೆಸ್ ಹಾಕಿ. ಬುಲ್ಲಾ ದವಡೆಯ ಕೀಲಿನ ಹತ್ತಿರವೇ ಇರುವುದರಿಂದ ಬಾಯಿ ತೆರೆಯಲು ನೋವು, ಊಟ ಮೆತ್ತಗಿರಲಿ. ನೋವಿಗೆಂದು ಮನೆಯವರ ಐಬುಪ್ರೊಫೇನ್ ಗುಳಿಗೆ ಕೊಟ್ಟೀರಿ, ಅದು ನಾಯಿಗೆ ವಿಷ.

ಆಮೇಲೆ ಕಿವಿಯ ಎಲೆ ಹಾಗೇ ಇರುತ್ತದೆ, ಒಳಗೆ ದಾರಿ ಇರುವುದಿಲ್ಲ. ಕೇಳುವುದು ಬಹಳ ಕಡಿಮೆ. ನಿಜವೆಂದರೆ ಮುಚ್ಚಿಹೋದ ಕಿವಿಯಲ್ಲಿ ಅದಕ್ಕೆ ಮೊದಲೂ ಕೇಳುತ್ತಿದ್ದದ್ದು ಅಷ್ಟಕ್ಕಷ್ಟೇ. ಎರಡೂ ಬದಿ ಆದ ನಾಯಿಯನ್ನು ರಸ್ತೆಗೆ ಬಿಡಬಾರದು, ಬಸ್ಸಿನ ಹಾರ್ನ್ ಅದರ ಲೆಕ್ಕಕ್ಕಿಲ್ಲ. ಹೆಸರು ಹಿಡಿದು ಎಷ್ಟು ಕೂಗಿದರೂ ಬೆನ್ನು ಮಾಡಿ ಮಲಗಿರುತ್ತದೆ, ಕೈಸನ್ನೆ ಕಲಿಸಬೇಕು. ಆದರೆ ನೆಲದ ಅದುರು, ಮೂಳೆಯ ಮೂಲಕ ಬರುವ ಗುಡುಗುಡು ಅದಕ್ಕೆ ತಿಳಿಯುತ್ತದೆ. ಸಂಜೆ ಅಡುಗೆಮನೆಯಲ್ಲಿ ಹಿಟ್ಟು ನಾದಿ, ಮೊದಲ ಜೋಳದ ರೊಟ್ಟಿಯನ್ನು ‘ಧಪ್ ಧಪ್’ ಅಂತ ಬಡಿಯಲು ಸುರುಮಾಡಿದ್ದೇ ತಡ, ಹಿತ್ತಿಲಲ್ಲಿ ಮಲಗಿದ್ದ ಪ್ರಾಣಿ ಎದ್ದು, ಮೈಮುರಿದು, ಹೊಸ್ತಿಲಲ್ಲಿ ಬಂದು ಕೂತಿರುತ್ತದೆ.