ಮೂರಡಿ ದೋಣಿಗೆ ಆರು ಕೊಕ್ಕೆ

ನನ್ನ ದೋಣಿ ಬಿಡೋಕೆ ಮೈಸೂರಲ್ಲಿ ಒಂದು ಕೆರೆ ಹುಡುಕುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ‘ರಸ್ತೆ ಗುಂಡಿಯಲ್ಲಿ ಬಿಡಿ ಸಾರ್’ ಅನ್ನೋ ಜೋಕು ಬೇಡ. ನನ್ನ ಭಾವಮೈದ ಹೇಳಿಯಾಗಿದೆ, ಹಾಲಿನವನು ಹೇಳಿಯಾಗಿದೆ, ಪಕ್ಕದ ಮನೆ ರಾಯರು ಎರಡು ಸಲ ಹೇಳಿ ಎರಡು ಸಲವೂ ಅವರೇ ನಕ್ಕಿದ್ದಾರೆ. ನಾನು ಟೇಪು ಹಿಡಿದು ಅಳೆದೂ ನೋಡಿದ್ದೇನೆ. ನಮ್ಮ ಬೀದಿಯ ದೊಡ್ಡ ಗುಂಡಿ 9 ಇಂಚು ಆಳ. ನನ್ನ ದೋಣಿಗೆ ಬೇಕಾದ್ದು 17 ಇಂಚು. ಮುಂದಿನ ಮಳೆಗಾಲಕ್ಕೆ ಆದೀತೇನೋ, ಈಗಂತೂ ಆಗಲ್ಲ.

ದೋಣಿ ಅಂದರೆ ಮಾಡೆಲ್ ದೋಣಿ. ಆಟದ ಸಾಮಾನು ಅಂತ ಮನೆಯಲ್ಲಿ ಕರೆಯುತ್ತಾರೆ, ನಾನು ತಿದ್ದೋದು ಬಿಟ್ಟಿದ್ದೇನೆ. ಇಂಟರ್‌ನ್ಯಾಷನಲ್ ಒನ್ ಮೀಟರ್ ಅನ್ನೋ ವರ್ಗದ್ದು. ಉದ್ದ 1 ಮೀಟರ್, ತೂಕ 4 ಕೆಜಿ, ನೀರಿನೊಳಗೆ 42 ಸೆಂಟಿಮೀಟರ್‌ವರೆಗೆ ಇಳಿಯುತ್ತದೆ. ಇಂಜಿನ್ ಇಲ್ಲ, ಪೆಟ್ರೋಲ್ ಇಲ್ಲ, ಸದ್ದಿಲ್ಲ. ರಿಮೋಟಿನಲ್ಲಿ ಎರಡು ಕಡ್ಡಿ, ಒಂದು ಚುಕ್ಕಾಣಿ ತಿರುಗಿಸೋಕೆ, ಇನ್ನೊಂದು ಹಾಯಿಯ ದಾರ ಎಳೆಯೋಕೆ, ಸಡಿಲ ಬಿಡೋಕೆ. ಉಳಿದ ಕೆಲಸವೆಲ್ಲ ಗಾಳಿಯದು. ಗಾಳಿಗೆ ಮಗುಚದೆ ಇರಲಿ ಅಂತ ತಳದಲ್ಲಿ ಒಂದು ಈಟಿಯ ಹಾಗೆ ಹಲಗೆ ಇಳಿಬಿಟ್ಟು ಅದರ ತುದಿಗೆ ಸೀಸ ಹಾಕಿರುತ್ತಾರೆ. ದೋಣಿಯ ಅರ್ಧಕ್ಕಿಂತ ಜಾಸ್ತಿ ತೂಕ ಆ ಹಲಗೆ, ಆ ಸೀಸದ್ದೇ. ಈ ಸೀಸದಿಂದ ನಾನು ಪಟ್ಟ ಪಾಡು ಮುಂದೆ ಬರುತ್ತದೆ.

ಇದನ್ನು ಬಿಡೋಕೆ ಬೇಕಾದ್ದೇನು? ಮೊಣಕಾಲಿನಷ್ಟು ಆಳದ ನೀರು. ಪಾಚಿ, ಜೊಂಡು ಇಲ್ಲದ ಒಂದು ಬದಿ. ನೀರಿನ ಹತ್ತಿರ ನಿಂತು ನಡೆದಾಡೋಕೆ ನಾಲ್ಕಡಿ ದಡ. ಗಾಳಿ ಬರೋ ದಿಕ್ಕಿನಲ್ಲಿ ಎತ್ತರದ ಮರ, ಅಪಾರ್ಟ್‌ಮೆಂಟು ಇರಬಾರದು, ಯಾಕೆಂದರೆ ಅವುಗಳ ಎತ್ತರದ ಐದಾರು ಪಟ್ಟು ದೂರದವರೆಗೂ ಗಾಳಿ ಸುರುಳಿ ಸುತ್ತುತ್ತಾ ಇರುತ್ತದೆ, ದೋಣಿ ಮಂಕು ಕವಿದವರ ಹಾಗೆ ನಿಂತಲ್ಲೇ ತಿರುಗುತ್ತದೆ. ಇಷ್ಟೇ. ಗಾಳಿಯ ವಿಷಯಕ್ಕೆ ಬಂದರೆ ಮೈಸೂರಿನಷ್ಟು ಪುಣ್ಯವಂತ ಊರು ಇನ್ನೊಂದಿಲ್ಲ. ಆಷಾಢದಲ್ಲಿ ಪಶ್ಚಿಮದಿಂದ ಬೀಸೋ ಗಾಳಿ ತಂತಿಯ ಮೇಲಿನ ಪಂಚೆಯನ್ನು ಮೂರು ಮನೆ ದಾಟಿಸುತ್ತದೆ. ಎಲ್ಲರೂ ಬೆಟ್ಟಕ್ಕೆ ಹೋಗುತ್ತಾರೆ, ನಾನು ತಾರಸಿಯ ಮೇಲೆ ನಿಂತು ಹೊಟ್ಟೆ ಉರಿದುಕೊಳ್ಳುತ್ತೇನೆ.

ಇನ್ನು ಕೆರೆ. ಕೆರೆಗೇನು ಬರ ನಮ್ಮೂರಿಗೆ? ಹೆಸರಿಗಂತೂ ಇಲ್ಲ. ದೊಡ್ಡಕೆರೆ ಇದೆ, ಅದರಲ್ಲಿ ದಸರಾ ವಸ್ತುಪ್ರದರ್ಶನ ನಡೆಯುತ್ತದೆ, ಡೆಲ್ಲಿ ಹಪ್ಪಳ ಸಿಗುತ್ತದೆ. ಸುಬ್ಬರಾಯನಕೆರೆ ಇದೆ, ಅದು ಪಾರ್ಕು. ಜೀವರಾಯನಕಟ್ಟೆ ಇದೆ, ಅದು ಮೈದಾನ. ನೀರೊಂದನ್ನು ಬಿಟ್ಟು ಎಲ್ಲವನ್ನೂ ಜೋಪಾನ ಮಾಡಿದ್ದೇವೆ. ಹೊರಗಿನಿಂದ ಬಂದ ಗೆಳೆಯನೊಬ್ಬನಿಗೆ ‘ದೊಡ್ಡಕೆರೆ ಹತ್ತಿರ ಬಾ’ ಅಂದೆ. ಅವನು ಅರ್ಧ ಗಂಟೆ ಕೆರೆ ಹುಡುಕಿ, ಕೊನೆಗೆ ಫೋನ್ ಮಾಡಿ, ‘ಇಲ್ಲಿ ಬರೀ ಪಾರ್ಕಿಂಗ್ ಇದೆಯಲ್ಲೋ’ ಅಂದ. ಅದೇ ಕಣೋ ಕೆರೆ, ಅಂದೆ. ನಮಗೆ ರೂಢಿಯಾಗಿಬಿಟ್ಟಿದೆ, ಅವನಿಗೆ ಪಾಪ ಗೊತ್ತಿಲ್ಲ.

ನೀರಿರೋ ಕೆರೆಗಳೂ ಇವೆ, ಸುಳ್ಳು ಹೇಳಬಾರದು. 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಲಿಂಗಾಂಬುಧಿ ಇದೆ, ಅವರೇ 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಇದೆ, ಮೃಗಾಲಯದ ಪಕ್ಕ ಕಾರಂಜಿ ಇದೆ. ಹಕ್ಕಿಗಳಿರೋ ಕಡೆ ನಾನು ತಕರಾರು ತೆಗೆಯಲ್ಲ. ಹೆಜ್ಜಾರ್ಲೆ ಮರದ ಮೇಲೆ ಮರಿ ಕಾಯುತ್ತಿರುವಾಗ ಕೆಳಗೆ ಬಿಳಿ ಹಾಯಿ ಪಟಪಟ ಅನ್ನಿಸಿಕೊಂಡು ಹೋದರೆ ಅದಕ್ಕೆ ಗಾಬರಿಯಾಗುತ್ತದೆ, ಬೇಡ ಅಂದರೆ ಬೇಡ. ನನ್ನ ತಕರಾರು ಬೇರೆ. ಎಲ್ಲಿ ಬೇಡ ಅಂತ ಹೇಳೋಕೆ ಹತ್ತು ಬೋರ್ಡುಗಳಿವೆ, ಎಲ್ಲಿ ಬಿಡಬಹುದು ಅಂತ ಹೇಳೋಕೆ ಒಬ್ಬನೇ ಒಬ್ಬ ಮನುಷ್ಯ ಇಲ್ಲ.

ಹೋದ ಆಷಾಢದಲ್ಲಿ ಒಂದು ಕೆರೆಗೆ ಹೋದೆ. ಹೆಸರು ಹೇಳಲ್ಲ, ಹೇಳಿದರೆ ಬೆಳಗಿನ ವಾಕಿಂಗಿಗೂ ಕುತ್ತು. ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಒಂದು ಕಾಲಿಗೆ ಇಟ್ಟಿಗೆಯ ಆಸರೆ, ಅದರ ಮೇಲೆ ಸೆಕ್ಯೂರಿಟಿಯವರು. ವಯಸ್ಸಾದ ಮನುಷ್ಯ, ಮಾತು ಒಳ್ಳೆಯದು. ನಾನು ಹೆಗಲ ಮೇಲಿಂದ ದೋಣಿ ಇಳಿಸಿದೆ.

“ಏನ್ ಸಾರ್ ಇದು, ಡ್ರೋನಾ?”

“ಅಲ್ಲ ಯಜಮಾನ್ರೇ, ದೋಣಿ.”

“ಅದೇ ಸಾರ್, ಡ್ರೋನು.”

“ಡ್ರೋನ್ ಅಲ್ಲ, ದೋಣಿ. ನೀರಿನ ಮೇಲೆ ಹೋಗುತ್ತೆ.”

“ರಿಮೋಟ್ ಐತಲ್ಲ ಕೈಯಾಗೆ?” ಅಂದರು. ಇದೆ ಅಂದೆ. “ಅಂದ್ಮೇಲೆ ಡ್ರೋನೇ. ಕೆಳಗೆ ತೂಗಾಡ್ತಾ ಇರೋದು ಏನು?”

ಇಲ್ಲೇ ನಾನು ಎಡವಿದ್ದು. ಬಾಯಿಗೆ ಬಂದ ಮಾತು ಹೇಳಿಬಿಟ್ಟೆ: “ಸೀಸದ ಗುಂಡು.”

ಮನುಷ್ಯ ಕುರ್ಚಿಯಿಂದ ಎದ್ದು ನಿಂತರು. ಇಟ್ಟಿಗೆ ಉರುಳಿತು. ಆಮೇಲೆ ಅದು ಹಾರಿಸೋ ಗುಂಡಲ್ಲ, ಬರೀ ತೂಕ, ತಕ್ಕಡಿಯ ಬೊಟ್ಟಿನ ಹಾಗೆ ಅಂತ ಅರ್ಥ ಮಾಡಿಸೋಕೆ ಹತ್ತು ನಿಮಿಷ ಹಿಡಿಯಿತು. ಕೊನೆಗೆ ಸಮಾಧಾನ ಆಗಿ ರಿಜಿಸ್ಟರ್ ತೆಗೆದರು. ಕ್ಯಾಮೆರಾ ಅಂತ ಒಂದು ಕಾಲಂ ಇತ್ತು, ಡ್ರೋನ್ ಅಂತ ಒಂದಿತ್ತು. ದೋಣಿ ಅಂತ ಇರಲಿಲ್ಲ. ಇದು ಕೆರೆಯ ರಿಜಿಸ್ಟರು, ನೆನಪಿರಲಿ. ಡ್ರೋನ್ ಕಾಲಮ್ಮಿನಲ್ಲಿ ‘1’ ಅಂತ ಬರೆದು, ನನ್ನ ಸಹಿ ತಗೊಂಡು, ಮೊಬೈಲ್ ನಂಬರ್ ತಗೊಂಡು, “ಒಳಗೆ ಬಿಡೋ ಹಾಗಿಲ್ಲ ಸಾರ್, ಆಫೀಸಿಂದ ಲೆಟರ್ ತನ್ನಿ” ಅಂದರು.

ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿ ಒಂದು ಸಿಮೆಂಟು ಪೈಪು. ಅದರಿಂದ ಕಪ್ಪು ನೀರು, ಮೇಲೆ ಬಿಳಿ ನೊರೆ, ನಡುನಡುವೆ ಶಾಂಪೂ ಸ್ಯಾಶೆ, ಸಣ್ಣಗೆ ಹಾಡು ಹೇಳಿಕೊಂಡು ಕೆರೆಗೆ ಇಳಿಯುತ್ತಿತ್ತು. ಅದಕ್ಕೆ ಲೆಟರ್ ಇಲ್ಲ. ಬಂದ ಸಮಯ, ಹೋಗೋ ಸಮಯ, ಸಹಿ, ಮೊಬೈಲ್ ನಂಬರು ಯಾವುದೂ ಇಲ್ಲ. ನಾನು ಅದನ್ನು ತೋರಿಸಿ ಕೇಳಿದೆ. “ಅದು ಮೊದಲಿಂದಾನೂ ಬರ್ತಾ ಐತೆ ಸಾರ್” ಅಂದರು. ಹಳಬರು ಅನ್ನೋ ಗೌರವ ಅದಕ್ಕೆ.

ಸರಿ, ಆಫೀಸಿಗೆ ಹೋದೆ. ಒಂದಲ್ಲ, ಮೂರು. ಅವುಗಳ ಹೆಸರೂ ಬೇಡ, ನಿಮಗೆ ನಿಮ್ಮ ಕೆಲಸಕ್ಕೆ ಹೋದ ಆಫೀಸು ನೆನಪಾದರೆ ಸಾಕು. ಅಲ್ಲಿ ಗೊತ್ತಾದ ಸಂಗತಿ ಏನೆಂದರೆ, ಕೆರೆ ಅನ್ನೋದು ಒಂದು ವಸ್ತುವೇ ಅಲ್ಲ. ದಡ ಒಬ್ಬರದು, ನೀರು ಇನ್ನೊಬ್ಬರದು, ನೀರೊಳಗಿನ ಮೀನು ಮತ್ತೊಬ್ಬರದು, ಮೀನು ತಿನ್ನೋ ಕೊಕ್ಕರೆ ಮಗದೊಬ್ಬರದು. ನನ್ನ ದೋಣಿ ದಡದಿಂದ ಹೊರಟು ನೀರಿನ ಮೇಲೆ ಹೋಗಿ ಮೀನಿನ ತಲೆ ಮೇಲೆ ಹಾದು ಕೊಕ್ಕರೆಯ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ನಾಲ್ಕೂ ಕಡೆಯಿಂದ ಒಪ್ಪಿಗೆ ಬೇಕು. ಚರಂಡಿ ನೀರು ಯಾರದು ಅಂತಲೂ ಕೇಳಿದೆ. ಅದು ಯಾರದೂ ಅಲ್ಲವಂತೆ. ಅನಾಥ ಅಂತಾನೇ ಕೆರೆ ಮಡಿಲಿಗೆ ಹಾಕಿಕೊಂಡಿದೆ.

ದೋಣಿಗೆ ಅಂತ ಒಂದು ಅರ್ಜಿ ನಮೂನೆ ಇತ್ತು. ಜನ ಕೂರೋ ದೋಣಿಯದು. ಪರವಾಗಿಲ್ಲ ಅಂತ ಅದನ್ನೇ ತುಂಬಿಸಿದೆ. ಪ್ರಯಾಣಿಕರ ಸಂಖ್ಯೆ ಅನ್ನೋ ಕಡೆ ಸೊನ್ನೆ ಹಾಕಿದೆ. ಮೇಡಂ ಕನ್ನಡಕದ ಮೇಲಿಂದ ನೋಡಿದರು.

“ಸೊನ್ನೆ ಹಾಕೋ ಹಾಗಿಲ್ಲ.”

“ಯಾರೂ ಕೂರಲ್ಲ ಮೇಡಂ.”

“ಡ್ರೈವರ್ ಆದರೂ ಇರ್ತಾನಲ್ಲ?”

“ನಾನೇ. ಆದರೆ ನಾನು ದಡದ ಮೇಲಿರ್ತೀನಿ.”

“ಡ್ರೈವರ್ ದಡದಲ್ಲಿದ್ದು ದೋಣಿ ನೀರಲ್ಲಿದ್ದರೆ,” ಅಂದರು ಅವರು, ತುಂಬಾ ತಾಳ್ಮೆಯಿಂದ, “ಅದನ್ನ ಕೊಚ್ಚಿಕೊಂಡು ಹೋದ ದೋಣಿ ಅಂತಾರೆ.”

ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ಹತ್ತು ದಿನ ಬಿಟ್ಟು ಅರ್ಜಿ ವಾಪಸ್ ಬಂತು, ಆರು ಕೊಕ್ಕೆ ಹಾಕಿಸಿಕೊಂಡು. ಲೈಫ್ ಜಾಕೆಟ್ ಯಾರಿಗೆ ತೊಡಿಸುತ್ತೀರಿ ಅನ್ನೋದು ನಾಲ್ಕನೆಯದು. ಆರನೆಯದನ್ನು ಓದೋಕೆ ಆಗಲಿಲ್ಲ, ಅದರ ಮೇಲೆ ಸೀಲು ಬಿದ್ದಿತ್ತು.

ಬೇರೆ ಊರಲ್ಲಿ ಏನು ಮಾಡುತ್ತಾರೆ ಅಂತ ಹೇಳಿದರೆ ‘ಅಲ್ಲಿಗೇ ಹೋಗಿ’ ಅನ್ನುತ್ತೀರಿ, ಗೊತ್ತು. ಆದರೂ ಹೇಳುತ್ತೇನೆ. ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸಿನಲ್ಲಿ ರೌಂಡ್ ಪಾಂಡ್ ಅಂತ ಒಂದು ಕೊಳ ಇದೆ, ಎಷ್ಟೋ ತಲೆಮಾರಿನಿಂದ ಜನ ಅಲ್ಲಿ ಮಾಡೆಲ್ ದೋಣಿ ಬಿಡುತ್ತಿದ್ದಾರೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಇದಕ್ಕೇ ಹೆಸರಾದ ಕೊಳ ಇದೆ. ಪ್ಯಾರಿಸ್ಸಿನ ಲಕ್ಸಂಬರ್ಗ್ ಉದ್ಯಾನದಲ್ಲಿ ಮಕ್ಕಳಿಗೆ ಮರದ ದೋಣಿ ಬಾಡಿಗೆಗೆ ಕೊಟ್ಟು, ತಳ್ಳೋಕೆ ಒಂದು ಕೋಲೂ ಕೊಡುತ್ತಾರೆ. ಕೋಲು ನಮ್ಮಲ್ಲೂ ಇದೆ, ಸೆಕ್ಯೂರಿಟಿಯವರ ಕೈಯಲ್ಲಿ. ಅಷ್ಟಕ್ಕೂ ನೀರಿನ ಮೇಲೆ ಚಂದಕ್ಕೆ ಏನಾದರೂ ತೇಲಿಸೋದು ನಮಗೇನು ಹೊಸದಾ? ದಸರಾ ಆದಮೇಲೆ ಬೆಟ್ಟದ ದೇವಿಕೆರೆಯಲ್ಲಿ ತೆಪ್ಪೋತ್ಸವ ನೋಡೋಕೆ ನಾವೇ ಮುಗಿಬೀಳುತ್ತೇವೆ.

ಆಮೇಲೆ ಎಲ್ಲರೂ ಕೊಡೋ ಸಲಹೆ, ಕನ್ನಂಬಾಡಿ. ಕಟ್ಟೆಯ ನೀರಿನ ಮಟ್ಟವನ್ನು ಕಾಫಿ ಜೊತೆ ಓದೋ ಜನ ನಾವು, 124.80 ಅಡಿ ಅಂದರೆ ತುಂಬಿದೆ ಅಂತ ಒಂದನೇ ಕ್ಲಾಸಿನ ಹುಡುಗನಿಗೂ ಗೊತ್ತು. ಹಾಗಾಗಿ ನೀರು ಅಂದ ಕೂಡಲೇ ಬಾಯಿಗೆ ಅದೇ ಬರುತ್ತದೆ. ಆದರೆ ಕಟ್ಟೆಯ ಹತ್ತಿರ ರಿಮೋಟು, ಸೀಸದ ಗುಂಡು ಹಿಡಿದು ಹೋಗೋ ಧೈರ್ಯ ನನಗಿಲ್ಲ, ಆ ಕುರ್ಚಿ ಉರುಳಿದ್ದು ಇನ್ನೂ ಕಣ್ಣ ಮುಂದಿದೆ. ಹಿನ್ನೀರಿಗೆ ಹೋದೆ. ಅಲ್ಲಿ ನೀರು ಹಿಂದೆ ಸರಿದಿತ್ತು, ಸರಿದ ಜಾಗದಲ್ಲಿ ಕೆಸರು, ಕೆಸರಿನಲ್ಲಿ ಹುಟ್ಟುಹಬ್ಬದ ಕೇಕಿನ ಡಬ್ಬ, ಒಡೆದ ಬಾಟಲಿ. ನೀರಿಗೆ ಇಳಿಯೋ ಮೊದಲೇ ಒಂದು ಚಪ್ಪಲಿ ಹೋಯಿತು. ಸಮುದ್ರದ ಹಾಗಿರೋ ಜಾಗ ಬೇರೆ. ಮುನ್ನೂರು ಮೀಟರ್ ದಾಟಿದರೆ ದೋಣಿ ಯಾವ ಕಡೆ ಮುಖ ಮಾಡಿದೆ ಅಂತಲೇ ತಿಳಿಯಲ್ಲ.

ಕೊನೆಗೆ ನನ್ನ ಆಸೆ ತೀರಿದ್ದು ಮಂಡ್ಯದ ಕಡೆ ಒಂದು ಹಳ್ಳಿಯ ಕೆರೆಯಲ್ಲಿ. ಏರಿ ಮೇಲೆ ಎರಡು ಬೇವಿನ ಮರ ಬಿಟ್ಟರೆ ಗಾಳಿಗೆ ಅಡ್ಡ ಏನೂ ಇಲ್ಲ. ಆಚೆ ದಡದಲ್ಲಿ ಕಬ್ಬು. ಎಮ್ಮೆ ತೊಳೆಯೋಕೆ ಬಂದಿದ್ದವರು ಒಬ್ಬರು ಹತ್ತಿರ ಬಂದು ನಿಂತರು.

“ಮೀನ್ ಹಿಡಿತದಾ ಸಾ ಇದು?”

“ಇಲ್ಲಪ್ಪ.”

“ಮರಳು ಎತ್ತತದಾ?”

“ಇಲ್ಲ.”

“ಮತ್ಯಾಕ್ ಸಾ?”

ಇದೊಂದೇ ನ್ಯಾಯವಾದ ಪ್ರಶ್ನೆ ಇಷ್ಟು ದಿನದಲ್ಲಿ ನನಗೆ ಯಾರಾದರೂ ಕೇಳಿದ್ದು. ಉತ್ತರ ಹೇಳೋ ಬದಲು ನೀರಿಗೆ ಬಿಟ್ಟೆ. ಗಾಳಿ ಹಿಡಿಯಿತು. ಹಾಯಿ ಒಮ್ಮೆ ಪಟ್ ಅಂತ ಸದ್ದು ಮಾಡಿ ಹೊಟ್ಟೆ ಉಬ್ಬಿಸಿಕೊಂಡಿತು, ದೋಣಿ ಒಂದು ಪಕ್ಕಕ್ಕೆ ವಾಲಿ, ಮೂತಿಯ ಹತ್ತಿರ ನೀರು ಸೀಳಿಕೊಂಡು ಹೊರಟಿತು, ಎಮ್ಮೆ ಕೂಡ ತಲೆ ಎತ್ತಿ ನೋಡಿತು. ಆ ಮನುಷ್ಯ “ಆಹಾಹಾ” ಅಂದರು, ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಇಪ್ಪತ್ತೈದು ನಿಮಿಷ. ಎರಡು ವರ್ಷದಲ್ಲಿ ನನ್ನ ದೋಣಿ ನೀರಿನ ಮೇಲೆ ಇದ್ದದ್ದು ಅಷ್ಟೇ.

ಇಪ್ಪತ್ತಾರನೇ ನಿಮಿಷಕ್ಕೆ ನಿಂತುಬಿಟ್ಟಿತು. ಅಂತರಗಂಗೆಗೆ ಸಿಕ್ಕಿರಬೇಕು ಅಂದುಕೊಂಡೆ. ಅದಕ್ಕೆ ನನ್ನ ಹತ್ತಿರ ಉಪಾಯ ಇದೆ, ಗಾಳದ ದಾರಕ್ಕೆ ಟೆನಿಸ್ ಬಾಲ್ ಕಟ್ಟಿ ದೋಣಿಯ ಆಚೆಗೆ ಎಸೆದು ಮೆಲ್ಲಗೆ ಎಳೆದರೆ ಜೊತೆಗೇ ಬರುತ್ತದೆ. ಬರಲಿಲ್ಲ. ಸಿಕ್ಕಿದ್ದು ಬಲೆಗೆ. ಕೆರೆಯ ಮೀನು ಗುತ್ತಿಗೆಗೆ ಹೋಗಿತ್ತು, ಗುತ್ತಿಗೆದಾರರು ತೆಪ್ಪದಲ್ಲಿ ಬಂದು ಬಲೆ ಸಮೇತ ದೋಣಿ ಎತ್ತಿದರು. ಬಲೆಗೆ ಬಿದ್ದಿದ್ದೆಲ್ಲಾ ಗುತ್ತಿಗೆಯವರದೇ ಅಂದರು. ಈ ದೋಣಿ ನಂದು ಅಂದೆ. ಅವರು ಜಗಳ ಆಡಲಿಲ್ಲ, ಕೂಗಾಡಲಿಲ್ಲ. ದೋಣಿಯನ್ನು ತಕ್ಕಡಿ ಕೊಕ್ಕೆಗೆ ನೇತುಹಾಕಿ, “ನಾಕ್ ಕೇಜಿ” ಅಂತ ಹೇಳಿ, ಕಾಟ್ಲಾ ಮೀನಿನ ರೇಟಿಗೆ ಲೆಕ್ಕ ಹಾಕಿದರು. ಕೊಟ್ಟು ಬಿಡಿಸಿಕೊಂಡೆ. ಹೊಟ್ಟೆಯೇನೂ ಉರಿಯಲಿಲ್ಲ. ಒಬ್ಬರೇ ಮನುಷ್ಯ, ಒಂದೇ ಕೊಕ್ಕೆ, ಐದು ನಿಮಿಷಕ್ಕೆ ಕೆಲಸ ಮುಗಿಯಿತು. ಮುಂದಿನ ವಾರ ಬಂದರೆ ಬಲೆ ಆ ಕಡೆಗೆ ಹಾಕಿಕೊಳ್ಳುತ್ತೇನೆ ಅಂತಲೂ ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಮೊಬೈಲಿಗೆ ಮೆಸೇಜು: ನಿಮ್ಮ ಅರ್ಜಿ ವಿಲೇವಾರಿಯಾಗಿದೆ. ನಮ್ಮೂರಲ್ಲಿ ಈ ಮಾತನ್ನು ಕಸಕ್ಕೂ ಬಳಸುತ್ತಾರೆ, ಹಾಗಾಗಿ ಒಳ್ಳೆ ಸುದ್ದಿಯೋ ಕೆಟ್ಟ ಸುದ್ದಿಯೋ ಗೊತ್ತಾಗಲಿಲ್ಲ. ಮಾರನೇ ದಿನ ಹೋಗಿ ಕೇಳಿದೆ. ಗೇಟಿನ ರಿಜಿಸ್ಟರ್ ತರಿಸಿ ನೋಡಿದರಂತೆ, ಅದರಲ್ಲಿ ಡ್ರೋನ್ ಅಂತ ಇತ್ತಂತೆ, ಅದು ತಮಗೆ ಸೇರಿದ್ದಲ್ಲ ಅಂತ ಪೊಲೀಸರಿಗೆ ಕಳಿಸಿದ್ದಾರಂತೆ.

ಸಂಜೆ ಸ್ಟೇಷನ್ನಿಂದ ಫೋನ್ ಬಂತು.

“ಎಷ್ಟು ಎತ್ತರ ಹಾರುತ್ತೆ ಸಾರ್ ಅದು?”

“ಹಾರಲ್ಲ ಸಾರ್. ನೀರಿಂದ ಮೇಲೆ ಸೊನ್ನೆ ಅಡಿ.”

“ಸೊನ್ನೆ ತಗೊಳಲ್ಲ ಸಾರ್ ಇದು. ಒಂದಡಿ ಅಂತ ಹಾಕ್ಕೊತೀನಿ, ನಾಳೆ ಆಧಾರ್ ಜೆರಾಕ್ಸ್ ತಗೊಂಡು ಬನ್ನಿ.”