ಸಣ್ಣ ಊರಿನ ಕುಡಿಯುವ ನೀರಿಗೆ ಕ್ಲೋರಿನ್ ಕಡ್ಡಾಯವಾಗಬೇಕೇ?

ಪರ

ಆಗಲೇಬೇಕು. ‘ನಮ್ಮ ಬಾವಿಯ ನೀರು ತಿಳಿಯಾಗಿದೆ, ಅಜ್ಜನ ಕಾಲದಿಂದ ಕುಡಿಯುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ’ ಎಂಬ ಮಾತು ಯಾವ ಊರಿನಲ್ಲಾದರೂ ಕೇಳಸಿಗುತ್ತದೆ. ನ್ಯೂಜಿಲೆಂಡಿನ ಹ್ಯಾವ್‌ಲಾಕ್ ನಾರ್ತ್ ಸುಮಾರು 14,000 ಜನರ ಪಟ್ಟಣ. ಅಂತರ್ಜಲ ಶುದ್ಧವೆಂದು ನಂಬಿ ಅಲ್ಲಿ ಕ್ಲೋರಿನ್ ಬೆರೆಸುತ್ತಿರಲಿಲ್ಲ. 2016ರ ಆಗಸ್ಟ್‌ನಲ್ಲಿ ಜಡಿಮಳೆ ಸುರಿದು ಕುರಿಗಳ ಹಿಕ್ಕೆ ತೊಳೆದ ನೀರು ಕೊಳವೆಬಾವಿಗೆ ಸೇರಿತು. 5,000ಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಮಲಗಿದರು. ಕಾರಣವಾದ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ಕ್ಲೋರಿನ್‌ಗೆ ಸುಲಭವಾಗಿ ಸಾಯುವಂಥದ್ದು. ತಪ್ಪಿಸಬಹುದಿತ್ತಲ್ಲ ಎಂದು ಹೊಟ್ಟೆ ಉರಿಯುವುದು ಅದಕ್ಕೇ.

ಮೂಲ ಶುದ್ಧವಾಗಿದ್ದರೂ ಅಪಾಯ ಮುಗಿಯುವುದಿಲ್ಲ. ಸಣ್ಣ ಊರುಗಳಲ್ಲಿ ದಿನವಿಡೀ ನೀರು ಬಿಡುವುದು ಅಪರೂಪ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಸಡಿಲವಾದ ಜೋಡಣೆಯಿಂದ ಹೊರಗಿನ ಚರಂಡಿ ನೀರನ್ನು ಪೈಪು ಒಳಕ್ಕೆ ಎಳೆದುಕೊಳ್ಳುತ್ತದೆ. ಮೂಲದಲ್ಲಿ ಸೋಸಿದ್ದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೊನೆಯ ನಲ್ಲಿಯವರೆಗೂ ನೀರಿನ ಜೊತೆಯಲ್ಲೇ ಹೋಗಿ ಕಾಯುವುದು ಉಳಿಕೆ ಕ್ಲೋರಿನ್, ಅಂದರೆ ಖರ್ಚಾಗದೆ ನೀರಿನಲ್ಲಿ ಉಳಿದ ಕ್ಲೋರಿನ್ ಒಂದೇ.

ಕೆಲಸವೂ ಕಷ್ಟದ್ದಲ್ಲ. ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಗಂಟಿಲ್ಲದಂತೆ ಕದಡಿ, ಇನ್ನಷ್ಟು ನೀರು ಸೇರಿಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಬೇಕು. ಅರ್ಧ ಗಂಟೆ ಬಿಟ್ಟು ಎಲ್ಲಕ್ಕಿಂತ ದೂರದ ಮನೆಯ ನಲ್ಲಿಯಲ್ಲಿ ಪರೀಕ್ಷಿಸಬೇಕು. ಕ್ಲೋರಿನ್ ಪರೀಕ್ಷೆಯ ಡಿಪಿಡಿ ಮಾತ್ರೆ ಹಾಕಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿ, ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ಇದೆ ಎಂದು ತೋರಿಸಿದರೆ ಸಾಕು. ವಾಸನೆ ಹಿಡಿಸದವರು ನೀರನ್ನು ಮುಚ್ಚಿಟ್ಟ ಪಾತ್ರೆಯಲ್ಲಿ ಕೆಲಹೊತ್ತು ಇಟ್ಟು ಕುಡಿಯಬಹುದು. ಕ್ಲೋರಿನ್ ನೀರಿನಲ್ಲಿನ ಜೈವಿಕ ಕೊಳೆಯೊಂದಿಗೆ ಸೇರಿದಾಗ ಹುಟ್ಟುವ ಟ್ರೈಹ್ಯಾಲೋಮೀಥೇನ್ ಎಂಬ ಹಾನಿಕರ ರಾಸಾಯನಿಕಗಳ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಸೋಂಕು ನಿವಾರಣೆಯನ್ನು ಸಡಿಲಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ವಿರೋಧ

ಕ್ಲೋರಿನ್ ಮೇಲೆ ನನಗೆ ತಕರಾರಿಲ್ಲ, ತಕರಾರಿರುವುದು ಕಡ್ಡಾಯದ ಮೇಲೆ. ಆದೇಶ ಬಂದ ದಿನದಿಂದ ಊರಿನ ಲಕ್ಷ್ಯವೆಲ್ಲ ಪುಡಿ ಸುರಿದು ಸಹಿ ಹಾಕುವುದರ ಮೇಲೆ ಹೋಗುತ್ತದೆ. ಬಾವಿಯ ಸುತ್ತ ಏನಾಗುತ್ತಿದೆ ಎಂದು ನೋಡುವವರು ಇಲ್ಲವಾಗುತ್ತಾರೆ.

ಕೆನಡಾದ ವಾಕರ್ಟನ್ ಎಂಬ ಪಟ್ಟಣದಲ್ಲಿ ಕ್ಲೋರಿನ್ ಬೆರೆಸುವ ವ್ಯವಸ್ಥೆ ಇತ್ತು. 2000ದ ಮೇ ತಿಂಗಳ ಮಳೆಗೆ ಹೊಲದ ಸಗಣಿಗೊಬ್ಬರ ಆಳವಿಲ್ಲದ ಬಾವಿಯೊಂದಕ್ಕೆ ಇಳಿಯಿತು. ನೋಡಿಕೊಳ್ಳಬೇಕಾದವರು ಕ್ಲೋರಿನ್ ಅಳೆಯದೆಯೇ ದಾಖಲೆ ಪುಸ್ತಕದಲ್ಲಿ ಅಂಕಿ ತುಂಬುತ್ತಿದ್ದರೆಂದು ತನಿಖೆಯಲ್ಲಿ ಬಯಲಾಯಿತು. 7 ಜನ ಸತ್ತರು, 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಎದುರು ಪಕ್ಷ ಹ್ಯಾವ್‌ಲಾಕ್ ನಾರ್ತ್ ತೋರಿಸುವಾಗ ಇದನ್ನೂ ತೋರಿಸಬೇಕು.

ಬ್ಲೀಚಿಂಗ್ ಪುಡಿಯ ಚೀಲ ಬಿಚ್ಚಿಟ್ಟರೆ ಬಿಸಿಲು, ತೇವಕ್ಕೆ ಅದರ ಸತ್ವ ದಿನೇ ದಿನೇ ಇಳಿಯುತ್ತದೆ. ಅದೇ ಅಳತೆ ಹಾಕುತ್ತ ಹೋದವರಿಗೆ ಇದು ತಿಳಿಯುವುದೇ ಇಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಹಾಕಿದ ಕ್ಲೋರಿನ್ ರೋಗಾಣುವಿನವರೆಗೆ ತಲುಪುವ ಮೊದಲೇ ಕೊಳೆಯಲ್ಲೇ ಕರಗಿಹೋಗುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಯಂತೂ ಕ್ಲೋರಿನ್‌ಗೆ ಬಗ್ಗುವುದೇ ಇಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಅದು ಸುಮಾರು 4 ಲಕ್ಷ ಜನರನ್ನು ಮಲಗಿಸಿದಾಗ ನಲ್ಲಿಯಲ್ಲಿ ಬರುತ್ತಿದ್ದುದು ಕ್ಲೋರಿನ್ ಹಾಕಿದ ನೀರೇ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳ ಮಾತಿಗೆ ಬಂದರೆ ಕ್ಲೋರಿನ್‌ನಿಂದ ಪರಿಹಾರವಿಲ್ಲ.

ಸಣ್ಣ ಊರಿಗೆ ಒಗ್ಗುವುದು ನಿಧಾನ ಮರಳು ಶೋಧಕ, ಅಂದರೆ ಮರಳಿನ ಪದರದ ಮೂಲಕ ನೀರನ್ನು ನಿಧಾನವಾಗಿ ಇಳಿಸಿ ಸೋಸುವ ತೊಟ್ಟಿ. ಮರಳಿನ ಮೇಲ್ಮೈಯಲ್ಲಿ ಬೆಳೆಯುವ ಜೀವಿಗಳ ಲೋಳೆಪದರವೇ ರೋಗಾಣುಗಳನ್ನು ಹಿಡಿದು ತಿಂದುಹಾಕುತ್ತದೆ. ಕಟ್ಟಿಕೊಂಡಾಗ ಮೇಲಿನ ಒಂದೆರಡು ಸೆಂಟಿಮೀಟರ್ ಕೆರೆದು ತೆಗೆದರಾಯಿತು. 1892ರಲ್ಲಿ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾಕ್ಕೆ 8,000ಕ್ಕೂ ಹೆಚ್ಚು ಜನ ಬಲಿಯಾದರು. ಪಕ್ಕದ ಆಲ್ಟೊನಾ ಪಟ್ಟಣ ಅದೇ ನದಿಯ ಕೆಳಹರಿವಿನ, ಇನ್ನೂ ಕೊಳಕಾದ ನೀರನ್ನು ಮರಳಿನಲ್ಲಿ ಸೋಸಿ ಕುಡಿಯುತ್ತಿತ್ತು. ಅಲ್ಲಿ ಕಾಲರಾ ಹೆಚ್ಚು ಹಬ್ಬಲಿಲ್ಲ.

ಕಡ್ಡಾಯ ಮಾಡುವುದಾದರೆ ಇವನ್ನು ಮಾಡಲಿ: ಬಾವಿಯ ಸುತ್ತ ಬೇಲಿ, ಶೌಚದ ಗುಂಡಿಗೂ ಬಾವಿಗೂ ಸಾಕಷ್ಟು ಅಂತರ, ನಿಯತವಾದ ಪರೀಕ್ಷೆ, ಅದರ ಫಲಿತಾಂಶ ಎಲ್ಲರ ಕಣ್ಣಿಗೆ ಬೀಳುವ ಗೋಡೆಯ ಮೇಲೆ. ಇಷ್ಟಾದ ಮೇಲೂ ಪರೀಕ್ಷೆಯಲ್ಲಿ ರೋಗಾಣು ಕಂಡರೆ ಕ್ಲೋರಿನ್ ಹಾಕಲಿ, ಆದರೆ ಅಳೆಯಲು ಕಲಿತು ಸಂಬಳ ಪಡೆಯುವ ಒಬ್ಬರನ್ನು ನೇಮಿಸಿಕೊಂಡ ನಂತರ.