ಜಲ್ಲಿ ನೋಡುವ ಹುಚ್ಚು

ಹೊಸ ವಿಷಯದಲ್ಲಿ ಆಸಕ್ತಿ ಬೆಳೆಸಿಕೊಳ್ಳಬೇಕು ಅಂತ ಹೊರಟು ನಾನು ಮೂರು ಸಲ ದುಡ್ಡು ಕಳೆದಿದ್ದೇನೆ. ಮೊದಲು ಟೆಲಿಸ್ಕೋಪ್ ತಂದೆ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಾಲ್ಕನಿಯಿಂದ ಕಾಣುವುದು ಎದುರು ಸೊಸೈಟಿಯ ನೀರಿನ ಟ್ಯಾಂಕು, ಹೆಚ್ಚೆಂದರೆ ನಾಲ್ಕು ನಕ್ಷತ್ರ. ಈಗ ಅದರ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಟವೆಲ್ ಒಣಗುತ್ತದೆ. ಹಾರ್ಮೋನಿಯಂ ಮಂಚದ ಕೆಳಗಿದೆ. ಮೂರನೆಯದರ ಸುದ್ದಿ ಬೇಡ, ಮನೆಯವರು ಇದನ್ನು ಓದುತ್ತಾರೆ.

ಕಲ್ಲಿನ ಹುಚ್ಚು ಮಾತ್ರ ಪುಕ್ಕಟೆ ಹತ್ತಿತು. ಅದೂ ಅಮ್ಮನಿಂದ. ಉಡುಪಿಯಿಂದ ಬಂದಿದ್ದಳು, ಅಂಧೇರಿಯ ಗಿಲ್ಬರ್ಟ್ ಹಿಲ್ ಮೇಲಿನ ಗಾಂವದೇವಿ ಗುಡಿಗೆ ಕರೆದುಕೊಂಡು ಹೋದೆ. ಸುತ್ತ ಒತ್ತೊತ್ತಾಗಿ ಕಟ್ಟಡಗಳು, ನಡುವೆ ಸುಮಾರು 200 ಅಡಿ ಎತ್ತರದ ಕಪ್ಪು ಬಂಡೆ, ಕಂಬಗಳನ್ನೆಲ್ಲ ಕಟ್ಟು ಕಟ್ಟಿ ನಿಲ್ಲಿಸಿದ ಹಾಗೆ. ಮೆಟ್ಟಿಲು ಹತ್ತುತ್ತ ಅಮ್ಮ ಏದುಸಿರು ಬಿಡುತ್ತ ನಿಂತು, “ಇದು ನಮ್ಮ ಮಲ್ಪೆಯ ದ್ವೀಪದ ಕಲ್ಲಿನ ಹಾಗೆಯೇ ಉಂಟಲ್ಲ ಮಾರಾಯ್ತಿ” ಅಂದಳು. ಹೌದಮ್ಮ, ಎರಡೂ ಒಂದೇ ಅಂತ ನಾನು ಎಲ್ಲ ತಿಳಿದವಳ ಹಾಗೆ ಹೇಳಿಬಿಟ್ಟೆ.

ವಾಪಸು ಬರುವಾಗ ರೈಲಿನಲ್ಲಿ ಸುಮ್ನೆ ಮೊಬೈಲ್ ತೆಗೆದು ನೋಡಿದರೆ, ಒಂದೇ ಅಲ್ಲ! ಮಲ್ಪೆಯ ಸೈಂಟ್ ಮೇರೀಸ್ ದ್ವೀಪದ ಕಲ್ಲು ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ್ದು. ಅಂಧೇರಿಯದು ದಖ್ಖನ್ ಲಾವಾ ಹರಿದ ಕಾಲದ್ದು, 6 ಕೋಟಿ ಚಿಲ್ಲರೆ. ಅಂದರೆ ನಾನು ಅಮ್ಮನಿಗೆ ಹೇಳಿದ್ದು ಎರಡು ಕೋಟಿ ವರ್ಷದಷ್ಟು ದೊಡ್ಡ ಸುಳ್ಳು. ಅವಳಿಗೆ ಹೇಳಿದೆ. “ಹೌದಾ” ಅಂತ ಕಡಲೆ ಬಾಯಿಗೆ ಹಾಕಿಕೊಂಡಳು.

ಹಾಗಾದರೆ ಎರಡೂ ಕಡೆ ಕಂಬ ಯಾಕೆ? ರಾತ್ರಿ ಅದೇ ಕೊರೆಯಿತು. ಲಾವಾ ತಣಿಯುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ, ಬೇಸಗೆಯಲ್ಲಿ ನಮ್ಮ ಗದ್ದೆಯ ಕೆಸರು ಒಣಗಿ ಬಿರಿಯುತ್ತಿತ್ತಲ್ಲ, ನಾವು ಮಕ್ಕಳು ಹೆಂಟೆಯಿಂದ ಹೆಂಟೆಗೆ ಹಾರುತ್ತಿದ್ದೆವಲ್ಲ, ಹೆಚ್ಚುಕಮ್ಮಿ ಹಾಗೇ. ಲಾವಾ ಒಳಗೊಳಗೆ ತಣಿದ ಹಾಗೆ ಬಿರುಕೂ ಆಳಕ್ಕೆ ಇಳಿಯುತ್ತ ಹೋಗಿ, ಐದು ಮೂಲೆ, ಆರು ಮೂಲೆಯ ಕಂಬಗಳಾಗುತ್ತವೆ. ಅಂಧೇರಿಯ ಬಂಡೆಯಂಥ ಲಾವಾ ಕಲ್ಲಿಗೆ ಬಸಾಲ್ಟ್ ಅಂತ ಹೆಸರು; ಶಾಲೆಯಲ್ಲಿ ‘ಬಸಾಲ್ಟ್ ಒಂದು ಅಗ್ನಿಶಿಲೆ’ ಅಂತ ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ಗದ್ದೆಯ ಮಾತು ಯಾರೂ ಎತ್ತಿರಲಿಲ್ಲ. ಸೆರಗು ಮೊಳೆಗೆ ಸಿಕ್ಕಿಕೊಳ್ಳುವ ಹಾಗೆ ಹೊಸದು ನಮ್ಮ ಹಳೆಯದಕ್ಕೆ ಎಲ್ಲೋ ಸಿಕ್ಕಿಕೊಳ್ಳಬೇಕು ಅಂತ ಕಾಣುತ್ತದೆ. ನಕ್ಷತ್ರಗಳಿಗೆ ನನ್ನ ಹತ್ತಿರ ಮೊಳೆ ಇರಲಿಲ್ಲ, ಟೆಲಿಸ್ಕೋಪಿನದೇನು ತಪ್ಪು?

ಈಗ ಕಲ್ಲು ಎಲ್ಲ ಕಡೆ ಕಾಣುತ್ತದೆ. ಗೇಟ್‌ವೇ ಆಫ್ ಇಂಡಿಯಾದ ಹಳದಿ ಕಲ್ಲೂ ಬಸಾಲ್ಟೇ ಅಂತೆ, ಅದಕ್ಕೆ ಬೆನ್ನು ಹಾಕಿ ಎಷ್ಟು ಫೋಟೋ ತೆಗೆಸಿಕೊಂಡಿಲ್ಲ! ರೈಲು ಹಳಿಗೆ ಹಾಕಿದ ಕಪ್ಪು ಜಲ್ಲಿಯೂ ಅದೇ. ಕೆಲವು ಕಲ್ಲುಗಳಲ್ಲಿ ಬಿಳಿ ಚುಕ್ಕೆಗಳಿರುತ್ತವೆ. ಲಾವಾದೊಳಗಿನ ಗಾಳಿಗುಳ್ಳೆಗಳು ಖಾಲಿ ಗೂಡಾಗಿ ಉಳಿದು, ಆಮೇಲೆ ಇಳಿದ ನೀರು ತಂದ ಖನಿಜಗಳು ಅವುಗಳಲ್ಲಿ ತುಂಬಿಕೊಂಡದ್ದು. ಪುಣೆ ಕಡೆ ಇಂಥ ಗೂಡುಗಳಲ್ಲಿ ಸಿಗುವ ಜಿಯೋಲೈಟ್ ಹರಳುಗಳನ್ನು ದೇಶವಿದೇಶದ ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ.

ಮೊನ್ನೆ ಪ್ಲಾಟ್‌ಫಾರ್ಮಿನಲ್ಲಿ ಬಗ್ಗಿ ಅಂಥ ಚುಕ್ಕೆ ಹುಡುಕುತ್ತಿದ್ದೆ. ಪಕ್ಕದ ಹೆಂಗಸು ಮರಾಠಿಯಲ್ಲಿ ಏನು ಕಳೆದುಹೋಯಿತು ಅಂತ ಕೇಳಿದರು. ಜನ ತುಂಬಿದ ಬೆಳಗಿನ ಹೊತ್ತಿನಲ್ಲಿ ಲಾವಾದಿಂದ ಶುರು ಮಾಡುವುದು ಹೇಗೆ? ಕಿವಿಯೋಲೆ ಅಂದುಬಿಟ್ಟೆ. ಪಾಪ, ಅವರೂ ಬಗ್ಗಿದರು, ಅವರ ಜೊತೆಯವರೂ ಬಗ್ಗಿದರು, ಲೋಕಲ್ ಬರುವವರೆಗೆ ಮೂವರೂ ಜಲ್ಲಿಯನ್ನೇ ನೋಡುತ್ತಿದ್ದೆವು.